ಮೊಬೈಲಿಗೆ ಬೆಲ್ಲ ನೀರು

ಡಾಕ್ಟರರ ಎದುರು ಸತ್ಯವನ್ನೇ ಹೇಳಬೇಕೆನ್ನುವುದು ಬೇರೆಯವರ ಮನೆಯ ನಿಯಮವಿರಬಹುದು. ನಮ್ಮಲ್ಲಿ ಆಸ್ಪತ್ರೆಗೆ ಹೊರಟರೆ ಚೀಟಿಯ ಜೊತೆ ಒಂದಿಷ್ಟು ಸುಳ್ಳನ್ನೂ ಕಟ್ಟಿಕೊಂಡೇ ಹೋಗುವುದು. ಅದರಲ್ಲಿ ನನ್ನ ಅಮ್ಮನನ್ನು ಮೀರಿಸಿದವರಿಲ್ಲ. ಕಡಲಿಗೆ ಹೋಗುವವರ ಮನೆಯಲ್ಲಿ ಹುಟ್ಟಿ, ಒಣಮೀನಿಲ್ಲದೆ ಗಂಜಿ ಮುಟ್ಟದ ಈ ಮಹಾತಾಯಿ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರ ಉಪ್ಪು ಬಿಟ್ಟ ಸನ್ಯಾಸಿನಿ. ಪ್ರೆಶರ್ ಇಳಿಯುತ್ತಿರಲಿಲ್ಲ, ಮಾತ್ರೆ ಏರುತ್ತಿತ್ತು. ಇದೇ ಪ್ರೆಶರಿನಿಂದ ದೊಡ್ಡಮ್ಮನ ಬಲಗೈ ಸ್ವಾಧೀನ ತಪ್ಪಿದ್ದನ್ನು ಕಂಡಿದ್ದ ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಆದರೆ ಡಾಕ್ಟರರ ಎದುರು ಬಾಯಿಬಿಟ್ಟರೆ ಅಮ್ಮ ಮಾತು ಬಿಡುತ್ತಾರೆಂಬ ಹೆದರಿಕೆ ಅದಕ್ಕಿಂತ ಹತ್ತಿರದ್ದು.

ಹೀಗಿರುವಾಗ ಆರೋಗ್ಯ ಕೇಂದ್ರ ಡಿಜಿಟಲ್ ಆಯಿತು. ಆಶಾ ಕಾರ್ಯಕರ್ತೆ ಮನೆಗೇ ಬಂದು ಪ್ರೆಶರ್ ನೋಡಿ ಮೊಬೈಲಿನಲ್ಲಿ ಕಳಿಸುವುದು, ಡಾಕ್ಟರು ವಿಡಿಯೋ ಕಾಲ್‌ನಲ್ಲಿ ಮಾತಾಡುವುದು. ಮನೆಯೊಳಗೆ ಮುಖ ಕಂಡ ಮೇಲೆ ಅವರು ನೆಂಟರೇ ಎನ್ನುವುದು ಅಮ್ಮನ ಕಾನೂನು. ಬೆಳಿಗ್ಗೆಯೇ ಚಾವಡಿ ಗುಡಿಸಿ, ಮದುವೆಗೆ ಉಡುವ ಸೀರೆ ಉಟ್ಟು ಕಾದರು. ಡಾಕ್ಟರರ ಮುಖ ಮೂಡಿದ್ದೇ ತಡ, ಮೊಬೈಲಿನ ಮುಂದೆ ಬೆಲ್ಲ, ನೀರು ಇಟ್ಟರು. ಆ ಚಿಕ್ಕ ಪ್ರಾಯದ ಹೆಣ್ಣುಮಗಳು ನಗಲಿಲ್ಲ. ಕುಡಿದ ಹಾಗೇ ಆಯಿತು ಎಂದರು. ಅಮ್ಮ ಕರಗಿಹೋದರು.

"ಊಟ ಮಾಡಿಯೇ ಹೋಗಬೇಕು ಡಾಕ್ಟ್ರೇ. ವಿಶೇಷ ಎಂತ ಇಲ್ಲ. ಗಂಜಿ, ಒಣ ಸಿಗಡಿ ಚಟ್ನಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಉಂಟು."

ಇದೆಲ್ಲ ಇವತ್ತಿಗೆ ಮಾತ್ರವೋ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ನೆಂಟರೆದುರು ಯಾರಾದರೂ ಮನೆಯ ಕೊರತೆ ತೋರಿಸುತ್ತಾರೆಯೇ? ದಿನಾ ಉಂಟು ಎಂದರು ಅಮ್ಮ, ಹೆಮ್ಮೆಯಿಂದ.

"ಹಾಗಾದ್ರೆ ತಪ್ಪು ಮಾತ್ರೆಯದ್ದಲ್ಲ ಅಮ್ಮ. ಮುಂದಿನ ಸಲ ನಾನು ಬರುವಾಗ ಉಪ್ಪು ಕಡಿಮೆ ಹಾಕಿದ ಅಡಿಗೆ ಮಾಡಿಡ್ತೀರಾ?"

ನಾನು ಹೇಳಿದ್ದರೆ ಜಗಳವಾಗುತ್ತಿತ್ತು. ನೆಂಟರು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವುದು ಹೇಗೆ? ಒಣಮೀನಿನ ಡಬ್ಬಿ ನೆರೆಮನೆಗೆ ಹೋಯಿತು, ಪ್ರೆಶರ್ ಮೆಲ್ಲನೆ ಇಳಿಯತೊಡಗಿತು. ಯಂತ್ರ ಬಂದು ಮನುಷ್ಯ ಸಂಬಂಧ ಹಾಳಾಯಿತೆಂದು ಸಿಟಿ ಬಸ್ಸಿನಲ್ಲಿ ಭಾಷಣ ಮಾಡುತ್ತಿದ್ದ ನಾನು ಈಗ ಸುಮ್ಮನೆ ಕಿಟಕಿಯಿಂದ ಹೊರಗೆ ನೋಡುತ್ತೇನೆ.

ಆದರೆ ತಾಯಿಗೆ ಪ್ರೆಶರ್ ಇದ್ದರೆ ಮಗನನ್ನೂ ನೋಡಬೇಕೆಂದು ಡಾಕ್ಟರು ನನಗೂ ಒಂದು ದಿನ ಗೊತ್ತುಮಾಡಿದರು. ನಾನು ಓದಿದವನಲ್ಲವೇ? ಅಡುಗೆಮನೆ ಕಾಣದ ಹಾಗೆ ಖಾಲಿ ಗೋಡೆಗೆ ಬೆನ್ನುಹಾಕಿ ಕೂತು, ಕರಿದ ತಿಂಡಿ ಬಿಟ್ಟು ಕಾಲವಾಯಿತು ಎಂದೆ. ಹಿಂದಿನಿಂದ ಅಮ್ಮ ಬಗ್ಗಿ ಮೊಬೈಲಿಗೆ ಮುಖ ಕೊಟ್ಟರು.

"ಇವನಿಗೆ ಹಂಪನಕಟ್ಟೆಯ ಹೋಟೆಲಿನಲ್ಲಿ ದಿನಾ ಸಂಜೆ ಗೋಳಿಬಜೆ ಉಂಟು ಡಾಕ್ಟ್ರೇ," ಎಂದವರೇ ನನ್ನ ಕಡೆ ತಿರುಗಿದರು. "ಮನೆಗೆ ಬಂದವರ ಹತ್ತಿರ ಸುಳ್ಳು ಹೇಳ್ತಾರಾ ಮಾರಾಯ?"