ದಾಳಿಂಬದ ಓಣಿಗೆ ಟೊಮೆಟೊ ಬಳಿದ ತಂತ್ರಾಂಶಕ್ಕೆ

ನಕಾಶೆಗಳಿಗೆ ಬಣ್ಣ ತುಂಬುವ ಮಾನ್ಯ ತಂತ್ರಾಂಶದವರೇ,

ಇಳಕಲ್ಲಿನ ಮಗ್ಗಗಳ ಸದ್ದಿನ ನಡುವಿನಿಂದ ತಮಗೆ ಸವಿನಯ ನಮಸ್ಕಾರಗಳು.

ಇನ್ನು ಮುಂದೆ ಬಣ್ಣಗಳನ್ನು ಅಂಕಿಗಳಿಂದಲ್ಲ, ಹೆಸರು ಹಿಡಿದೇ ಕರೆಯಬಹುದು ಎಂದು ತಾವು ಪ್ರಕಟಿಸಿದ ದಿನ ನಮ್ಮ ನೇಕಾರರ ಸಂಘದಲ್ಲಿ ಪೇಢೆ ಹಂಚಿದೆವು. ಬಾದಾಮಿ, ಐಹೊಳೆ ನೋಡಲು ಬಂದವರಿಗೆ ನಮ್ಮ ಮಗ್ಗಗಳ ದಾರಿ ತೋರಿಸಲು ನಾನು ಊರಿನ ನಕಾಶೆ ಮಾಡುತ್ತಿದ್ದೆ. ಯಾವ ಓಣಿಯಲ್ಲಿ ಯಾವ ಬಣ್ಣದ ಸೀರೆ ನೇಯುತ್ತಾರೋ ಆ ಓಣಿಗೆ ಅದೇ ಬಣ್ಣ. ದಾಳಿಂಬ, ಗಿರಿಕುಂಕುಮ, ನವಿಲಗೊರಳು ಎಂದು ಭಕ್ತಿಯಿಂದ ಬರೆದೆ. ಪರಿಚಯವಿಲ್ಲದ ಹೆಸರಿಗೆಲ್ಲ ತಾವು ತುಟಿ ಬಿಚ್ಚದೆ ಕಪ್ಪು ಬಳಿಯುತ್ತೀರೆಂಬುದು ನನಗೆ ತಿಳಿಯುವಷ್ಟರಲ್ಲಿ, ಸಂಘದ ಹುಚ್ಚೇಶಣ್ಣ ನಕಾಶೆಯನ್ನು ಅಚ್ಚು ಹಾಕಿಸಿ, ಬಾದಾಮಿಗೆ ತಿರುಗುವ ಕುಳಗೇರಿ ಕ್ರಾಸಿನ ಚಹಾದಂಗಡಿಯ ಮುಂದೆ ತೂಗುಹಾಕಿಯಾಗಿತ್ತು.

ಕಪ್ಪು ಎಂದರೆ ನಮ್ಮಲ್ಲಿ ಚಂದ್ರಕಾಳಿ ಸೀರೆ. ನಲವತ್ತು ವರ್ಷ ದಾಳಿಂಬವನ್ನೇ ನೇಯ್ದ ದುರ್ಗವ್ವನವರ ಬಾಗಿಲಿಗೆ ಎರಡು ಜೀಪು ಗಿರಾಕಿಗಳು ಬಂದು, ಚಂದ್ರಕಾಳಿ ಕೇಳಿ, ಮಡಿಸಿಟ್ಟ ದಾಳಿಂಬ ಸೀರೆಗಳತ್ತ ಕಣ್ಣೂ ಹಾಯಿಸದೆ ಹೋದರು. ನಕಾಶೆ ನೋಡಿದ ದುರ್ಗವ್ವ ಕೇಳಿದ್ದಿಷ್ಟೇ: "ಏನವಾ ಮುಬಶೀರಾ, ನನ್ನ ಓಣಿ ಯಾವಾಗ ಸುಟ್ಟು ಕರಕಲಾತು?"

ಆಮೇಲೆ ತಮ್ಮ ಹೆಸರುಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಪುಳಕಗೊಂಡೆ. ಅಲ್ಲಿ ಚಾಕೊಲೇಟ್ ಇದೆ, ಟೊಮೆಟೊ ಇದೆ, ಪೆರು ಎಂಬ ಇಡೀ ದೇಶವಿದೆ. ಅನುವಾದದ ಕಾದಂಬರಿಗಳಲ್ಲಿ ಇಪ್ಪತ್ತು ವರ್ಷದಿಂದ ಊಟದ ಮೇಜಿಗೆ ಬರುತ್ತಿದ್ದ ಸಾಮನ್ ಮೀನಿನ ಬಣ್ಣವೂ ಕಡೆಗೆ ತಿಳಿಯಿತು, ಋಣಿ. ತಮ್ಮ 'ಗಾಢ ಬೂದು' ಬರೀ ಬೂದು ಬಣ್ಣಕ್ಕಿಂತ ತಿಳಿಯಾಗಿರುವುದಂತೂ ಅದ್ಭುತ. ನಮ್ಮೂರಲ್ಲಿ ನೂಲನ್ನು ಹಾಗೆ ಅದ್ದಿದವನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ.

ಬೇರೆ ದಾರಿ ಕಾಣದೆ ದಾಳಿಂಬದ ಜಾಗದಲ್ಲಿ ಟೊಮೆಟೊ ಎಂದು ಬರೆದು ಹೊಸ ನಕಾಶೆ ಹಾಕಿಸಿದೆ. ದುರ್ಗವ್ವ ಕನ್ನಡಕ ಏರಿಸಿ ನೋಡಿ, "ಇದು ಓಣಿ ಅಲ್ಲವ್ವಾ, ಸಾರು" ಅಂದರು.

ಆದ್ದರಿಂದ ತಾವು ದಯಮಾಡಿ ಪೆರು ದೇಶವನ್ನು ತುಸು ಸರಿದು ಕೂಡಲು ಹೇಳಿ ದಾಳಿಂಬಕ್ಕೆ ಜಾಗ ಕೊಡಬೇಕು. ಅದಾಗದಿದ್ದರೆ ತಮ್ಮ ಸಿಬ್ಬಂದಿಯೆಲ್ಲ ಇಳಕಲ್ಲಿಗೆ ಬಂದು, ದುರ್ಗವ್ವನವರ ಮಗ್ಗದ ಕುಣಿಯಲ್ಲಿ ಸರದಿಯಂತೆ ಕಾಲು ಇಳಿಬಿಟ್ಟು ಕುಳಿತು, ಅವರು ತಲೆಯಾಡಿಸುವವರೆಗೆ ಬಣ್ಣಗಳ ಹೆಸರು ಒಪ್ಪಿಸಬೇಕು. ಊಟಕ್ಕೆ ಸಾರು ಇರುತ್ತದೆ.

ತಮ್ಮ ಪಟ್ಟಿಯ ಹೊರಗೆ ನಿಂತಿರುವ, ತಮ್ಮ ವಿಶ್ವಾಸಿ,
ಮುಬಶೀರಾ
ಇಳಕಲ್ಲ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ ದುರ್ಗವ್ವ ಬಸ್ಸು ಹಿಡಿದು ಕುಳಗೇರಿ ಕ್ರಾಸಿಗೆ ಹೋಗಿ, ನಕಾಶೆಯಲ್ಲಿ ತನ್ನ ಓಣಿಯುದ್ದಕ್ಕೂ ದಾಳಿಂಬ ನೂಲಿನ ಒಂದು ಎಳೆ ಅಂಟಿಸಿ ಬಂದಿದ್ದಾರೆ. ಗಿರಾಕಿಗಳು ಈಗ ನೆಟ್ಟಗೆ ಅವರ ಮನೆಗೇ ಬರುತ್ತಾರೆ. ಎಂಟೇ ದಿನದ ಬಿಸಿಲಿಗೆ ತಮ್ಮ ಟೊಮೆಟೊ ಬಿಳಿಚಿಕೊಂಡಿದೆ. ಎಳೆ ಇನ್ನೂ ಬಣ್ಣ ಬಿಟ್ಟಿಲ್ಲ.