ಏಳರಿಂದ ಹನ್ನೊಂದಕ್ಕೆ

ಗಂಡಸು ಮನೆಯಲ್ಲಿ ಸುಧಾರಣೆ ತರಲು ಎದ್ದನೆಂದರೆ ಯಾರಾದರೂ ಅವನ ತೋಳು ಹಿಡಿದು ಕೂರಿಸಬೇಕು. ನನ್ನನ್ನು ಯಾರೂ ಕೂರಿಸಲಿಲ್ಲ.

ಲಕ್ಷ್ಮೇಶ್ವರದ ಬಜಾರದಲ್ಲಿ ನನ್ನ ಹೆಂಡತಿ ಕಾಂಚನಾಳ ಕಸೂತಿ ಅಂಗಡಿಯಿದೆ. ಕಂಪ್ಯೂಟರಿನಲ್ಲಿ ಚಿತ್ರ ಆರಿಸಿ ಗುಂಡಿ ಒತ್ತಿದರೆ ಸಾಕು, ಮಷಿನ್ನು ಕುಪ್ಪಸದ ಮೇಲೆ ಟಕಟಕ ನವಿಲು ಹೊಲಿಯುತ್ತದೆ. ಆ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಏಳು. ನಾನೋ ನಿವೃತ್ತ ಪೋಸ್ಟ್ ಮಾಸ್ತರ (ಅಂದರೆ ಮನೆಯಲ್ಲಿ ಪುರುಸೊತ್ತಿರುವ ಏಕೈಕ ಪ್ರಾಣಿ). ವಿಂಡೋಸ್ ಹನ್ನೊಂದು ಬಂದಿದೆ, ಹಳೆಯದಕ್ಕೆ ಇನ್ನು ರಕ್ಷಣೆಯಿಲ್ಲವೆಂದು ಪೇಪರಿನಲ್ಲಿ ಓದಿದ್ದೆ.

“ಜಗತ್ತೆಲ್ಲ ಹನ್ನೊಂದಕ್ಕ ಹೋಗೇತಿ, ನೀ ಇನ್ನೂ ಏಳರಾಗ ಕುಂತೀ,” ಎಂದೆ.

“ಏಳಕ್ಕ ಎದ್ದು ದುಡಿಯಾಕಿ ನಾನು. ಹನ್ನೊಂದಕ್ಕ ಏಳಾವ್ರು ನೀವು. ಅದರ ಗೊಡವಿ ನಿಮಗ್ಯಾಕ?”

“ವೈರಸ್ ಬಂದ್ರ?”

“ಅದಕ್ಕ ಇಂಟರ್ನೆಟ್ಟ ಇಲ್ಲ. ಬರೂದಾದ್ರ ಗದಗಿನಿಂದ ಬಸ್ ಹತ್ತಿ ಬರಬೇಕು!”

ಅವಳು ತಂಗಿಯ ಮನೆಗೆಂದು ಮುಂಡರಗಿಗೆ ಹೋದದ್ದೇ ತಡ, ಕಂಪ್ಯೂಟರ್ ರಿಪೇರಿಯ ಮಾಶಾಕನಿಗೆ ಹಳೆಯದನ್ನು ಕೊಟ್ಟು ಹೊಸದನ್ನು ತಂದು, ಹೂಮಾಲೆ ಹಾಕಿ ಪ್ರತಿಷ್ಠಾಪಿಸಿದೆ. ಎರಡು ದಿನ ಬಿಟ್ಟು ಬಂದ ಕಾಂಚನಾ ಗುಂಡಿ ಒತ್ತಿದಳು. ಮಷಿನ್ನು ಗಪ್ಪು! ಮಾಶಾಕನನ್ನು ಕರೆಸಿದೆ.

“ಮಷಿನ್ನಿನ ಸಾಫ್ಟ್‌ವೇರ್ ಭಾಳ ಹಳೇದ್ರಿ. ಹೊಸಾದ್ರಾಗ ನಡೆಯೂದಿಲ್ಲ,” ಎಂದು ಅವನು ತಲೆ ಕೆರೆದುಕೊಂಡ.

“ಹಂಗಾರ ಹಳೇದನ್ನ ವಾಪಸ್ ಕೊಡಪಾ.”

“ಅದನ್ನ ಬಿಚ್ಚಿ ಪಾರ್ಟ್ಸ್ ಮಾರೇನ್ರಿ!”

ಕಾಂಚನಾ ಆರ್ಡರ್ ಪುಸ್ತಕ ತೆರೆದು ನನ್ನ ಮುಂದೆ ಹಿಡಿದಳು. ಹಮ್ಮಿಗಿಯ ಅನ್ನಪೂರ್ಣವ್ವನ ಮಗಳ ಮದುವೆಗೆ ಮೂರೇ ದಿನ. ಮದುಮಗಳ ಕುಪ್ಪಸ ಮೇಜಿನ ಮೇಲೆ ಬೋಳಾಗಿ ಬಿದ್ದಿತ್ತು.

“ಆ ಹುಡುಗಿ ನನ್ನ ನಂಬಿ ಕುಂತೈತ್ರಿ,” ಎನ್ನುವಾಗ ಅವಳ ಕಣ್ಣು ತುಂಬಿತು. ನನ್ನ ಸುಧಾರಣೆಯೆಲ್ಲ ಅಲ್ಲೇ ಕರಗಿಹೋಯಿತು.

“ಸಣ್ಣಾಂವ ಇದ್ದಾಗ ನಮ್ಮವ್ವನ ಕೂಡ ಕೌದಿ ಹೊಲದೇನಿ. ಸೂಜಿ ಕೊಡು,” ಎಂದೆ.

ಅವಳೊಂದು ತೋಳು, ನಾನೊಂದು ತೋಳು. ನನ್ನ ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ “ಸಾವಕಾಶ್ರಿ” ಎಂದು ಅವಳೇ ಊದಿದಳು. ಎರಡು ದಿನದಲ್ಲಿ ಅವಳ ನವಿಲು ಕುಣಿಯುತ್ತಿತ್ತು. ನನ್ನದು ಮಳೆಯಲ್ಲಿ ನೆಂದ ಕೋಳಿಯಾಗಿತ್ತು.

ಅನ್ನಪೂರ್ಣವ್ವ ಬಂದಾಗ ನಾನು ಪರದೆಯ ಹಿಂದೆ ಅಡಗಿದೆ.

“ಅಯ್ಯ ನಮ್ಮವ್ವ, ಕೈಲೆ ಹೊಲದದ್ದೇನ? ಈ ನವಲ ನೋಡ, ಹೆಂಗ ಮಾರಿ ಸಿಂಡರಿಸೇತಿ! ಥೇಟ್ ನಮ್ಮ ಬೀಗ್ತಿ! ಯಾರು ಹೊಲದಾರ ಇದನ್ನ?”

ಹೆಮ್ಮೆ ತಡೆಯದೆ ಹೊರಬಂದು “ನಾನ್ರಿ” ಎಂದೆ. (ಆ ಎರಡಕ್ಷರ ನುಂಗಿದ್ದರೆ ಬದುಕುತ್ತಿದ್ದೆ.)

“ಹಂಗಾರ ದೀಪಾವಳಿಗೆ ನಮ್ಮ ಮನಿ ಹೆಣಮಕ್ಕಳ ಕುಪ್ಪಸ ಎಲ್ಲಾ ನಿಮ್ಮ ಕೈಲೇ ಆಗಬೇಕ್ರಿ!”

ಈಗ ಶಿರಹಟ್ಟಿಯಿಂದ ತಂದ ಇನ್ನೊಂದು ಹಳೆಯ ಕಂಪ್ಯೂಟರು ಮಷಿನ್ನನ್ನು ಓಡಿಸುತ್ತಿದೆ. ಕಾಂಚನಾ ಮಧ್ಯಾಹ್ನಕ್ಕೇ ಕೆಲಸ ಮುಗಿಸಿ, ಚಾಪೆಯ ಮೇಲೆ ಕುಪ್ಪಸ ಹರಡಿಕೊಂಡು ಕೂತ ನನಗೆ ಚಹಾ ತಂದಿಡುತ್ತಾಳೆ. ನಿನ್ನೆ ಬೇಡಿಕೊಂಡೆ: “ಇದನ್ನೂ ಮಷಿನ್ನಿಗೆ ಕೊಡಬಾರದೇನ?”

“ಕೊಟ್ಟು ನೋಡೀನ್ರಿ,” ಎಂದಳು ಸೂಜಿಗೆ ದಾರ ಪೋಣಿಸುತ್ತ. “ಇಷ್ಟು ಕೆಟ್ಟಾಗಿ ಹೊಲಿಯಾಕ ಅದಕ್ಕ ಬರವಲ್ದು.”