ಒಗ್ಗರಣೆ ಡಬ್ಬಿ ಸೇರಿದ ಪ್ರಬಂಧ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕಾಲೇಜಿನ ಪ್ರಬಂಧಕ್ಕೆ ನನ್ನಷ್ಟು ಯೋಗ್ಯವಾದ ವಿಷಯ ಇಡೀ ಚಾಮರಾಜಪೇಟೆಯಲ್ಲಿ ಇನ್ನೊಂದಿಲ್ಲ ಎಂದು ಹೋದ ಸೋಮವಾರ ತೀರ್ಮಾನವಾಯಿತು. ತೀರ್ಮಾನಿಸಿದವಳು ಮೊಮ್ಮಗಳು ಸಿಂಚನ. ಅಂದಿನಿಂದ ನನಗೆ ಹಿಡಿಸಲಾರದಷ್ಟು ಸಂತೋಷ. ಈ ವಯಸ್ಸಿನಲ್ಲಿ ಸಂತೋಷಪಡುವುದೂ ಮೈಕೈ ನೋಯುವ ಕೆಲಸವೇ ಎಂದು ಈಗ ತಿಳಿದಿದೆ.

ಅವಳ ಕನ್ನಡ ಮೇಡಂ ಕೊಟ್ಟ ವಿಷಯ ಸಾಹಿತ್ಯ, ಗುರುತು ಮತ್ತು ಡಿಸ್ರಪ್ಟಿವ್ ಟೆಕ್ನಾಲಜಿ. ಮೊದಲೆರಡು ಹೇಗೋ ಗಂಟಲಲ್ಲಿ ಇಳಿದವು. ಮೂರನೆಯದು ಏನೆಂದು ಕೇಳಿದೆ. ತನ್ನ ಪಾಡಿಗೆ ನಡೆಯುತ್ತಿರುವ ಪದ್ಧತಿಯನ್ನು ಎಲ್ಲಿಂದಲೋ ಬಂದು ಬುಡಮೇಲು ಮಾಡುವ ಯಂತ್ರ ಎಂದಳು. ಆ ಯಂತ್ರ ನನಗೆ ಚೆನ್ನಾಗಿ ಗೊತ್ತು! ಇಪ್ಪತ್ತೆರಡು ವರ್ಷ ನಾನು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು. ಸೀಸದ ಒಂದೊಂದೇ ಅಕ್ಷರವನ್ನು ಮರದ ಖಾನೆಯಿಂದ ಹೆಕ್ಕಿ, ಸಾಲು ಮಾಡಿ, ಪುಟ ಕಟ್ಟುವ ಕೆಲಸ. ಒಂದು ದಿನ ಯಜಮಾನರು ಕಂಪ್ಯೂಟರ್ ತಂದಿಟ್ಟರು. ಅದಕ್ಕೆ ಹೂವಿನ ಹಾರ ಹಾಕಿದವನು ನಾನೇ. ತಿಂಗಳು ಕಳೆಯುವುದರೊಳಗೆ ಮೊಳೆಗಳೆಲ್ಲ ಗುಜರಿಗೆ ಹೋದವು. ಹಿಂದೆಯೇ ನಾನೂ ಮನೆಗೆ ಬಂದೆ.

ಇಷ್ಟು ಹೇಳಿದ್ದೇ ತಡ, ಸಿಂಚನ ನನ್ನನ್ನೇ ನೋಡುತ್ತಾ, “ತಾತ, ನೀನೇ ನನ್ನ ಪ್ರಬಂಧ” ಅಂದುಬಿಟ್ಟಳು.

ಒಂದು ಷರತ್ತಿತ್ತು. ಪ್ರಬಂಧದಲ್ಲಿ ಯಾವುದಾದ ಮೇಲೆ ಯಾವುದು ಬರಬೇಕು ಎಂಬ ಯೋಜನೆಯನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಮೇಡಂಗೆ ಕಳಿಸಬೇಕು. ತಪ್ಪಿದರೆ ಬೇರೆ ವಿಷಯ ಕೊಡುತ್ತಾರೆ. ಅದರಲ್ಲಿ ತಾತ ಇರುವುದಿಲ್ಲ.

ನಾಲ್ಕು ದಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಅವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ಸೊಂಟ ಹಿಡಿಯಿತು. ಆದರೂ ಬೆಳಿಗ್ಗೆ ಎದ್ದು ಹಾಲಿನ ಬೂತಿನಲ್ಲಿ, ಗವಿಪುರದ ದೇವಸ್ಥಾನದಲ್ಲಿ, ಕಂಡಕಂಡವರಿಗೆಲ್ಲ ವಿಷಯ ತಿಳಿಸುವುದನ್ನು ಬಿಡಲಿಲ್ಲ. ಪಕ್ಕದ ಮನೆಯ ನಂಜುಂಡಪ್ಪನವರಿಗಂತೂ ನಾನು ಸಾಹಿತ್ಯದ ಭಾಗದಲ್ಲೇ ಬರುತ್ತಿದ್ದೇನೆ ಎಂದು ಖಚಿತಪಡಿಸಿದೆ. ನೂರಾರು ಪುಸ್ತಕ ಕಟ್ಟಿದ ಕೈ ಇದು ಎಂದೆ.

“ಅದ್ರಲ್ಲಿ ಎಷ್ಟು ಓದಿದೀರ?” ಅಂದರು ಅವರು.

ಅನಗತ್ಯವಾದ ಪ್ರಶ್ನೆ. ಮೊಳೆ ಜೋಡಿಸುವವನು ಅಕ್ಷರ ನೋಡುತ್ತಾನೆ, ಕಥೆ ನೋಡುವುದಿಲ್ಲ. ಒಂದು ಕಾದಂಬರಿಯಲ್ಲಿ ನಾಯಕಿ ಬಾವಿಕಟ್ಟೆ ಹತ್ತಿ ನಿಲ್ಲುವವರೆಗಿನ ಪುಟಗಳು ನನ್ನ ಪಾಲಿಗೆ ಬಂದಿದ್ದವು. ಅವಳು ಹಾರಿದಳೋ ನೀರು ಸೇದಿದಳೋ, ಮುಂದಿನ ಪುಟ ಕಟ್ಟಿದವನಿಗೇ ಗೊತ್ತು.

ಶನಿವಾರ ಬಂತು. ಊಟದ ಮೇಜಿನ ಮೇಲೆ ಸಿಂಚನ ನಲವತ್ತೆರಡು ಪುಟ್ಟ ಚೀಟಿಗಳನ್ನು ಭಾಗಕ್ಕೊಂದರಂತೆ ಮೂರು ಸಾಲಾಗಿ ಜೋಡಿಸಿದ್ದಳು. ಒಂದೊಂದು ಚೀಟಿಯಲ್ಲಿ ಒಂದೊಂದು ಮಾತು. ಮೇಜಿನ ಮುಂದೆ ನಿಲ್ಲು ತಾತ ಎಂದಳು. ಹೊಸ ಜುಬ್ಬ ತೊಟ್ಟು, ಎರಡೂ ಕೈ ಅಗಲಿಸಿ ನಿಂತೆ. ಮೊಬೈಲಿನಲ್ಲಿ ಫೋಟೋ ಹೊಡೆದಳು. ಆಯಿತೇನಮ್ಮ ಎಂದೆ. ಚೆನ್ನಾಗಿ ಬಂದಿದೆ ತಾತ ಎಂದು ತಲೆಗೆ ಸ್ನಾನ ಮಾಡಲು ಹೋದಳು.

ಇಲ್ಲಿ ನಮ್ಮ ಅಚ್ಚುಕೂಟದ ನಿಯಮವೊಂದನ್ನು ನಿವೇದಿಸಬೇಕು. ಪುಟ ಕಟ್ಟಿ, ಪ್ರೂಫ್ ತೆಗೆದು, ಅಚ್ಚಾದ ಮೇಲೆ ಆ ಪುಟವನ್ನು ಹಾಗೇ ಬಿಡುವಂತಿಲ್ಲ. ಬಿಚ್ಚಿ, ಅಕ್ಷರಗಳನ್ನೆಲ್ಲ ಅವವುಗಳ ಖಾನೆಗೆ ಹಿಂತಿರುಗಿಸಬೇಕು. ಬಿಟ್ಟರೆ ಯಜಮಾನರು ಬೈಯುತ್ತಿದ್ದರು. ಫೋಟೋ ಬಂತು ಎಂದರೆ ಅಚ್ಚಾಯಿತು ಎಂದೇ ಅರ್ಥ. ಮಗು ಹೊರಬರುವಷ್ಟರಲ್ಲಿ ಮೇಜು ಚೊಕ್ಕಟ ಮಾಡಿಡೋಣ ಎಂದುಕೊಂಡೆ.

ಖಾನೆ ಬೇಕಲ್ಲ? ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಕಂಡಿತು. ಒಳಗೆ ಏಳು ಬಟ್ಟಲು. ದೇವರೇ ಕೊಟ್ಟ ಖಾನೆ! ಸಾಸಿವೆ, ಜೀರಿಗೆ, ಮೆಂತ್ಯ, ಕಡಲೆಬೇಳೆ ಎಲ್ಲವನ್ನೂ ಒಂದು ಪಾತ್ರೆಗೆ ಸುರಿದೆ. ಅಕ್ಷರಮಾಲೆಯನ್ನು ಏಳು ಪಾಲು ಮಾಡಿದೆ. ಒಂದೊಂದೇ ಚೀಟಿಯನ್ನು ಮಡಿಸಿ, ಅದರ ಮೊದಲ ಅಕ್ಷರ ನೋಡಿ, ಸರಿಯಾದ ಬಟ್ಟಲಿಗೆ ಹಾಕಿದೆ. ಒಂದೂ ತಪ್ಪಲಿಲ್ಲ. ಕೈ ಇನ್ನೂ ಪಳಗಿದೆ ಎಂದು ಹೆಮ್ಮೆಯಾಯಿತು.

ಸಿಂಚನ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಖಾಲಿ ಮೇಜು ನೋಡಿದಳು. ಕುಳಿತುಬಿಟ್ಟಳು. ಬೈದಿದ್ದರೆ ಎಷ್ಟೋ ಮೇಲಿತ್ತು.

“ಫೋಟೋ ಇದೆಯಲ್ಲಮ್ಮ” ಎಂದೆ.

“ತಾತ, ಅದು ಮುಖಪುಟಕ್ಕೆ ಅಂತ ತೆಗೆದಿದ್ದು, ನಿಂದು” ಎಂದು ಮೊಬೈಲ್ ತೋರಿಸಿದಳು.

ಫೋಟೋದಲ್ಲಿ ಜುಬ್ಬ ಚೆನ್ನಾಗಿ ಬಂದಿತ್ತು. ಸಾಹಿತ್ಯವೂ ಗುರುತೂ ನನ್ನ ಹೊಟ್ಟೆಯ ಹಿಂದೆ ಮುಚ್ಚಿಹೋಗಿದ್ದವು. ಟೆಕ್ನಾಲಜಿ ಇರಬೇಕಾದ ಕಡೆ ನನ್ನ ತೋಳು.

ಆಗ ಗಂಟೆ ಒಂದೂಕಾಲು. ಒಮ್ಮೆ ನೋಡಿದ ಪುಟ ನನಗೆ ಮರೆಯುವುದಿಲ್ಲ, ನಾನೇ ಮತ್ತೆ ಕಟ್ಟಿಕೊಡುತ್ತೇನೆ ಎಂದೆ. ಅವಳು ಚೀಟಿ ಬಿಡಿಸಿ ಓದಿದಳು, ನಾನು ಜೋಡಿಸಿದೆ. ಬೆನ್ನು ಬಗ್ಗಿಸಿ ಬಗ್ಗಿಸಿ ಕಣ್ಣು ಕತ್ತಲಿಟ್ಟಿತು. ಎರಡಕ್ಕೆ ಮೂರು ನಿಮಿಷ ಇದೆ ಎನ್ನುವಾಗ ಫೋಟೋ ಹೊಡೆದು ಕಳಿಸಿದಳು. ಆಮೇಲೆ ನಿಧಾನವಾಗಿ ನೋಡಿದಳು. ಮೊಳೆಯ ಪುಟ ಕನ್ನಡಿಯಲ್ಲಿ ಕಂಡ ಹಾಗಿರುತ್ತದೆ, ಬಲದಿಂದ ಎಡಕ್ಕೆ. ನನ್ನ ಕೈ ಹಳೇ ಅಭ್ಯಾಸದಲ್ಲಿ ಅದನ್ನೇ ಮಾಡಿತ್ತು. ಪ್ರತಿ ಸಾಲೂ ಕೊನೆಯ ಮಾತಿನಿಂದ ಶುರುವಾಗಿ ಪೀಠಿಕೆಯಲ್ಲಿ ಮುಗಿದಿತ್ತು! ಅದೂ ನಲವತ್ತೊಂದೇ ಚೀಟಿ. ಒಂದು ಕಾಣೆ.

ಅಷ್ಟರಲ್ಲಿ ನನ್ನ ಹೆಂಡತಿ ಪಾರ್ವತಿ ಗಾಂಧಿ ಬಜಾರಿನಿಂದ ಬಂದು ಅಡುಗೆಮನೆಗೆ ಹೋದಳು. ಮುಂದಿನ ಅರ್ಧ ಗಂಟೆಯ ವಿವರ ಇಲ್ಲಿ ಬೇಡ.

ಮೇಡಂ ಸಂಜೆ ಉತ್ತರ ಕಳಿಸಿದರು. ವಿಷಯಕ್ಕೆ ಒಪ್ಪಿಗೆ ಇದೆ, ಆದರೆ ಎಲ್ಲವೂ ಹಿಂದುಮುಂದಾಗಿರುವುದೇಕೆ ಎಂದು ಸೋಮವಾರ ಬಂದು ವಿವರಿಸಬೇಕಂತೆ. ನಾನು ಉಳಿದುಕೊಂಡೆ! ಕಣ್ಣಲ್ಲಿ ನೀರೇ ಬಂತು. ಸಾಹಿತ್ಯದ ಭಾಗದಲ್ಲೇ ತಾನೆ ಎಂದು ಕೇಳಿದೆ.

“ಇಲ್ಲ ತಾತ, ಮೂರನೇದಕ್ಕೆ ಹಾಕಿದೀನಿ” ಎಂದಳು ಸಿಂಚನ. “ಬುಡಮೇಲು ಮಾಡೋದಕ್ಕೆ ಉದಾಹರಣೆ. ಕಂಪ್ಯೂಟರ್‌ಗಿಂತ ಮೇಲೆ ನೀನೇ.”

ಭಾನುವಾರ ಪೂರ್ತಿ ನಾನು ಮೊರ ಮುಂದಿಟ್ಟುಕೊಂಡು ಸಾಸಿವೆ ಬೇರೆ, ಜೀರಿಗೆ ಬೇರೆ, ಮೆಂತ್ಯ ಬೇರೆ ಮಾಡುತ್ತಾ ಕುಳಿತೆ. ಪಾರ್ವತಿ ವಿಧಿಸಿದ ಶಿಕ್ಷೆ. ಹೊತ್ತು ಇಳಿಯುವಾಗ ಸಾಸಿವೆಯ ಅಡಿಯಲ್ಲಿ ನಲವತ್ತೆರಡನೆಯ ಚೀಟಿ ಸಿಕ್ಕಿತು. ಸಿಂಚನ ಅದನ್ನು ಬಿಡಿಸಿ ಗಟ್ಟಿಯಾಗಿ ಓದಿದಳು: ‘ನನ್ನ ತಾತನ ಗುರುತೇನು?’

ಪಾರ್ವತಿ ಒಲೆಯ ಕಡೆಯಿಂದ ತಿರುಗಿಯೂ ನೋಡಲಿಲ್ಲ.

“ಒಗ್ಗರಣೆ ಡಬ್ಬಿ ಕೆಡಿಸಿದವರು ಅಂತ ಬರ್ಕೊಳೇ” ಎಂದಳು.

ಸಿಂಚನ ಬರೆದುಕೊಂಡು ಚೀಟಿಯನ್ನು ನನ್ನ ಮುಂದೆ ಹಿಡಿದಳು. ಕನ್ನಡಕ ಏರಿಸಿ ಎರಡು ಸಲ ನೋಡಿದೆ. ಪ್ರೂಫಿನಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ.